ಎತ್ತಿನ ಹಾಲಿನ ಕಾಲಂ

ತೊಂಬತ್ತರ ದಶಕದ ಕೊನೆಯಲ್ಲಿ ಶಿರಾಳಕೊಪ್ಪದಲ್ಲಿ ನಮಗೆ ಕಂಪ್ಯೂಟರ್ ಕಲಿಸುತ್ತಿದ್ದ ಮೇಷ್ಟ್ರು, ಯಾರೇ ಬರಲಿ, ಬೆಂಚಿನಲ್ಲಿ ಸರಿದು "ತಡೀರಿ, ಜಾಗ ಮಾಡಾಣ" ಎನ್ನುತ್ತಿದ್ದರು.

ದನದ ಡಾಕ್ಟರಿಗಾಗಿ ಸುತ್ತಲಿನ ದನಗಳ ವಿವರವನ್ನೆಲ್ಲ ಅವರು ಕಂಪ್ಯೂಟರಿನ ಒಂದೇ ಟೇಬಲ್ಲಿಗೆ, ಅಂದರೆ ಒಂದೇ ಪಟ್ಟಿಗೆ, ತುಂಬಿದ್ದರು; ಹಾಲಿನ ಕಾಲಂ ಎಲ್ಲ ದನಕ್ಕೂ ಇತ್ತು. ತಾಳಗುಂದದ ರೈತರೊಬ್ಬರು ಪರದೆ ನೋಡಿ ಸಿಡುಕಿದರು: "ನಮ್ಮ ಎತ್ತಿಗೆ ಹಾಲು ಸೊನ್ನೆ ಅಂತ ಬರದೀರಲ್ರೀ!"

ಮೇಷ್ಟ್ರು ನಗಲಿಲ್ಲ. ಬೋರ್ಡಿನ ಮೇಲೆ 'ದನ' ಎಂಬ ಕ್ಲಾಸು, ಅಂದರೆ ವರ್ಗ, ಬರೆದು, ಅದರ ಕೆಳಗೆ ಆಕಳು, ಎತ್ತು ಎಂದು ಎರಡು ಕವಲು ಎಳೆದರು. ಹೆಸರು, ಬಣ್ಣ, ವಯಸ್ಸು ಎಲ್ಲಕ್ಕೂ ಇರುವುದರಿಂದ ಒಂದು ಟೇಬಲ್. ಆಕಳ ಹಾಲಿಗೆ, ಎತ್ತಿನ ಉಳುಮೆಗೆ ಬೇರೆ ಬೇರೆ. ಮೂರೂ ಟೇಬಲ್ಲುಗಳನ್ನು ಒಂದಕ್ಕೊಂದು ಜೋಡಿಸುವುದು ಪ್ರತಿ ದನಕ್ಕೆ ಕೊಟ್ಟ ನಂಬರು.

ಮರುದಿನವೇ ತೊಗರ್ಸಿಯ ಅಜ್ಜಿ ಬಂದರು. "ನಮ್ಮ ಆಕಳು ಹಾಲೂ ಕೊಡ್ತತಿ, ನೇಗಿಲೂ ಎಳಿತತಿ."

ಬೋರ್ಡಿನ ಎರಡು ಕವಲಿನಲ್ಲಿ ಅಂಥ ಆಕಳಿಗೆ ಜಾಗವಿರಲಿಲ್ಲ. ಮೇಷ್ಟ್ರು ಆ ಆಕಳ ನಂಬರನ್ನು ಹಾಲಿನ ಟೇಬಲ್ಲಿಗೂ ಉಳುಮೆಯ ಟೇಬಲ್ಲಿಗೂ ಹಾಕಿ, ಬೆಂಚಿನಲ್ಲಿ ಸರಿದರು.

"ಕುಂದ್ರಜ್ಜಿ, ಜಾಗ ಐತಿ."