ಹಿಂದಿನ ಸೀಟಿನ ಸದ್ದು

ನನ್ನ ಕಾರಿಗೆ ಬಂದ ಕಾಯಿಲೆಗೆ ಎರಡು ತಿಂಗಳು ಮಾತ್ರೆ ನುಂಗಿದವಳು ನನ್ನ ಅಕ್ಕ. ನುಂಗಿಸಿದವನು ನಾನು.

ನಗಬೇಡಿ. ನನಗೂ ಮೊದಲು ನಗು ಬಂದಿತ್ತು. ಈಗ ಬರುತ್ತಿಲ್ಲ.

ಅಕ್ಕ ಸಿಕಂದರಾಬಾದಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲ್ ಕಾಲದವಳು. ಕರಕರ ಎನ್ನುವ ಲೈನಿನಲ್ಲೂ ಹೆಸರು, ಊರು, ನಂಬರು ಒಂದೂ ತಪ್ಪದೆ ಹಿಡಿಯುತ್ತಿದ್ದಳು. ಮದುವೆಯಾಗಲಿಲ್ಲ. ರಿಟೈರ್ ಆದಮೇಲೆ ಕೊಂಡಾಪುರದ ನಮ್ಮ ಫ್ಲಾಟಿನಲ್ಲೇ ಇದ್ದಾಳೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಹಿಂದಿನ ಸೀಟಿನಿಂದ ಹೇಳಿದಳು: "ತಮ್ಮಾ, ಗಾಡಿ ಎಡಕ್ಕ ಹೊಳ್ಳಿದಾಗ ನನ್ನ ಕೆಳಗ ಏನೋ ಗುರ್ ಅಂತೈತಿ ನೋಡು."

ನನಗೆ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಹೆಂಡತಿಗೂ ಕೇಳಿಸಲಿಲ್ಲ. ಎರಡು ವೋಟು ಒಂದು ಕಡೆ, ಒಂದು ವೋಟು ಇನ್ನೊಂದು ಕಡೆ. ತೀರ್ಮಾನವಾಯಿತು. (ಎಸಿ ಫುಲ್ ಇತ್ತು, ಎಫ್‌ಎಂ ಕಿರುಚುತ್ತಿತ್ತು ಎನ್ನುವುದು ಚರ್ಚೆಗೇ ಬರಲಿಲ್ಲ.)

ಆಮೇಲೆ ಪ್ರತಿ ಎಡ ತಿರುವಿಗೂ ಅದೇ ಮಾತು. ನಾನೇನು ಮಾಡಿದೆ ಹೇಳಿ? ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ಯಲಿಲ್ಲ. ಅಕ್ಕನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಮೂವತ್ತು ವರ್ಷ ಹೆಡ್‌ಫೋನ್ ಹಾಕಿದ್ದಾರೆ ಸರ್, ಇಲ್ಲದ ಸದ್ದು ಕೇಳಿಸುತ್ತೆ" ಎಂದು ಅವಳ ಪರವಾಗಿ ನಾನೇ ಹೇಳಿದೆ. ಡಾಕ್ಟರಾದರೂ ಏನು ಮಾಡಿಯಾರು? ವಯಸ್ಸಾದವರಿಗೆ ಹೀಗಾಗುವುದುಂಟು ಎಂದು ಮಾತ್ರೆ ಬರೆದರು.

ಕೆಲವೇ ವಾರಗಳಲ್ಲಿ ಅಕ್ಕ ಸದ್ದಿನ ಮಾತು ಬಿಟ್ಟಳು. ಮಾತ್ರೆ ನಾಟಿತು ಎಂದು ನಾವಿಬ್ಬರೂ ಖುಷಿಪಟ್ಟೆವು.

ಆಗ ಇನ್ನೊಂದು ಶುರುವಾಗಿತ್ತು. ಕುಕ್ಕರ್ ಕೂಗಿದರೆ ಅಡುಗೆಮನೆಗೆ ಬಂದು "ಖರೇನ ಕುಕ್ಕರ್ ಕೂಗಿತೇನ?" ಎಂದು ಕೇಳುತ್ತಿದ್ದಳು. ಬೆಲ್ ಆದರೆ ಬಾಗಿಲ ಕಡೆ ಹೋಗದೆ ನಮ್ಮ ಮುಖ ನೋಡುತ್ತಿದ್ದಳು. ಅವಳ ಫೋನ್ ರಿಂಗಾದರೆ ನನ್ನ ಹೆಂಡತಿಯ ಕೈಗೆ ಕೊಟ್ಟು, "ನೀನ ಮಾತಾಡವಾ, ನನಗ ಏನೇನೋ ಕೇಳಸ್ತೈತಿ" ಎನ್ನುತ್ತಿದ್ದಳು. ಒಂದು ರಾಜ್ಯದ ಮಾತನ್ನು ಇನ್ನೊಂದು ರಾಜ್ಯಕ್ಕೆ ದಾಟಿಸಿದವಳು. ನಾನು ಅದನ್ನೂ ವಯಸ್ಸಿನ ಲೆಕ್ಕಕ್ಕೆ ಹಾಕಿಬಿಟ್ಟೆ.

ಕಳೆದ ತಿಂಗಳು ಗಚ್ಚಿಬೌಲಿಯಿಂದ ಬರುವಾಗ ಆಫೀಸಿನ ತೆಲುಗು ಸಹೋದ್ಯೋಗಿಯೊಬ್ಬ ಕಾರು ಹತ್ತಿದ. ಮುಂದಿನ ಸೀಟಿನಲ್ಲಿ ನನ್ನ ಫೈಲುಗಳಿದ್ದವು, ಹಿಂದೆ ಕೂತ. ಒಂದೇ ತಿರುವು. "ಸರ್, ವೆನಕ ಬೇರಿಂಗ್ ಪೋಯಿಂದಿ" ಎಂದ. ಹಿಂದಿನ ಗಾಲಿಯ ಬೇರಿಂಗ್ ಹೋಗಿದೆಯಂತೆ. ಅಕ್ಕ ವಾರಗಟ್ಟಲೆ ಹೇಳಿದ್ದನ್ನು ನಂಬದ ನಾನು, ಇವನು ಹೇಳಿದ್ದನ್ನು ಒಂದು ಸಿಗ್ನಲ್ ದಾಟುವಷ್ಟರಲ್ಲಿ ನಂಬಿದೆ. ಯಾಕೆ?

ನಮ್ಮ ಮೆಕ್ಯಾನಿಕ್ ಮಸ್ತಾನ್ ಭಾಯಿ ಬೀದರ್ ಕಡೆಯವನು. ಎಸಿ, ಎಫ್‌ಎಂ ಎರಡನ್ನೂ ಬಂದ್ ಮಾಡಿಸಿದ. ನನಗೆ ಓಡಿಸಲು ಹೇಳಿ ತಾನು ಅಕ್ಕನ ಜಾಗದಲ್ಲಿ ಕೂತ. ಬಲಕ್ಕೆ ತಿರುಗಿಸಿದೆ, ಏನೂ ಇಲ್ಲ. ಎಡಕ್ಕೆ ತಿರುಗಿಸಿದೆ, ಗುರ್. ನನಗೂ ಕೇಳಿಸಿತು.

"ಎಡಕ್ಕ ಹೊಳ್ಳಿದರ ಭಾರ ಎಲ್ಲಾ ಬಲಗಾಲಿ ಮ್ಯಾಲ ಬೀಳ್ತದ್ರಿ ಸಾಬ್" ಎಂದು ಜ್ಯಾಕ್ ಹಚ್ಚಿ, ಹಿಂದಿನ ಬಲಗಾಲಿಯನ್ನು ಕೈಯಲ್ಲಿ ತಿರುಗಿಸಿ ತೋರಿಸಿದ. ಒಳಗೆ ಬೀಸುಕಲ್ಲಿನ ಸದ್ದು. "ಮಳಿ ನೀರು ಹೊಕ್ಕದ. ಇನ್ನಷ್ಟು ದಿನ ಬಿಟ್ಟಿದ್ದರ ಗಾಲಿನೇ ಜಾಮ್ ಆಗ್ತಿತ್ತು. ಹಿಂದ ಯಾರು ಕುಂದರ್ತಾರ್ರಿ? ಅವರು ಹೇಳಲಿಲ್ಲೇನ್ರಿ?"

"ಅಕ್ಕ ಹೇಳಿದ್ದಳು, ನಾನೇ ನಂಬಲಿಲ್ಲ" ಎಂದೆ.

ನಮ್ಮಲ್ಲಿ ಎಲ್ಲ ಕಡೆಯೂ ಹೀಗೇ ಅಲ್ಲವೇ? ಲಿಫ್ಟಿನಲ್ಲಿ ಸುಟ್ಟ ವಾಸನೆ ಎಂದರೆ ಅಸೋಸಿಯೇಷನ್ನಿನವರು "ನಿಮಗೊಬ್ಬರಿಗೇ ಯಾಕೆ ಬರುತ್ತೆ?" ಎನ್ನುತ್ತಾರೆ. ಆಫೀಸಿನಲ್ಲಿ ಏನೋ ಸರಿಯಿಲ್ಲ ಎಂದವನನ್ನು ಕೌನ್ಸೆಲಿಂಗಿಗೆ ಕಳಿಸುತ್ತಾರೆ. ಕೆಟ್ಟಿದ್ದನ್ನು ರಿಪೇರಿ ಮಾಡುವುದಕ್ಕಿಂತ ಹೇಳಿದವರನ್ನು ರಿಪೇರಿ ಮಾಡುವುದು ನಮಗೆ ಸುಲಭ.

ಹೊಸ ಬೇರಿಂಗ್ ಅರ್ಧ ದಿನದಲ್ಲಿ ಕೂತಿತು. ಹಳೆಯದನ್ನು ಮನೆಗೆ ತಂದು ಅಕ್ಕನ ಕೈಗಿಟ್ಟು, "ತಪ್ಪು ನಂದು, ನಿನ್ನ ಕಿವಿ ಸರಿನ ಅದಾವು" ಎಂದೆ. ತಿರುಗಿಸಿ ನೋಡಿ "ಹೌದೇನು" ಎಂದಳು, ಅಷ್ಟೇ. ಡಾಕ್ಟರಿಗೆ ವಿಷಯ ತಿಳಿಸಿದೆ, ಮಾತ್ರೆ ನಿಲ್ಲಿಸಿದರು. ಅಕ್ಕ ಮಾತ್ರ ಇನ್ನೂ ಫೋನ್ ಎತ್ತುತ್ತಿಲ್ಲ.

ಮೊನ್ನೆ ಭಾನುವಾರ ಅವಳನ್ನು ಹಿಂದೆ ಕೂಡಿಸಿಕೊಂಡು ಹೊರಟೆವು. ಎಸಿ ಇಲ್ಲ, ಎಫ್‌ಎಂ ಇಲ್ಲ, ಮಾತೂ ಇಲ್ಲ. ಬೇಕೆಂದೇ ಎಡಕ್ಕೆ ಹೊಳ್ಳಿಸಿದೆ. "ಅಕ್ಕಾ, ಈಗೇನರೆ ಸದ್ದು ಬರ್ತೈತೇನ?" ಎಂದು ಕೇಳಿದೆ.

ಕನ್ನಡಿಯಲ್ಲಿ ನನ್ನನ್ನು, ಆಮೇಲೆ ನನ್ನ ಹೆಂಡತಿಯನ್ನು ನೋಡಿ, ಮೆಲ್ಲಗೆ ಹೇಳಿದಳು: "ನಿಮ್ಮಿಬ್ಬರಿಗೂ ಏನ್ ಕೇಳಸ್ತೈತಿ ಹೇಳು ತಮ್ಮಾ. ನನಗೂ ಅದ ಕೇಳಸ್ತೈತಿ."