ರಾಣೆಬೆನ್ನೂರಿನ ಸಮುದ್ರ ಚಿಪ್ಪು

ನಾನೂ ಎದುರುಮನೆಯ ಗೆಳತಿಯೂ ಸಮುದ್ರ ನೋಡಿರಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ, ನೋಡಿದರೆ ಇಬ್ಬರೂ ಕೂಡಿಯೇ ನೋಡುವುದು ಎಂದು ಅವಳೇ ನನ್ನ ಕೈಮೇಲೆ ಕೈಯಿಟ್ಟು ಹೇಳಿದ್ದಳು. ಅಷ್ಟರಲ್ಲಿ ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದರು. "ಅವರು ಎದ್ದು ಓಡಾಡ್ಲಿ. ಸಮುದ್ರ ಎಲ್ಲಿ ಓಡಿ ಹೋಗತೈತಿ" ಅಂದಳು ಗೆಳತಿ.

ಮಳೆಗಾಲ ಮುಗಿದ ಮೇಲೆ, ಕರ್ಜಗಿಯ ಅಕ್ಕನಿಗೆ ಹುಷಾರಿಲ್ಲವೆಂದು ಹೇಳಿ ಹೊರಟಳು. ಅವಳು ಬರುವವರೆಗೆ ಅವಳ ಗಂಡ, ಮಕ್ಕಳಿಗೆ ರೊಟ್ಟಿ ಬಡಿದು ಕೊಟ್ಟವಳು ನಾನು. ಆ ಗಂಡನೂ ತಲೆ ತಗ್ಗಿಸಿ ಉಂಡನೇ ಹೊರತು ಬಾಯಿ ಬಿಡಲಿಲ್ಲ.

ಬಂದವಳು ನನಗೊಂದು ದೊಡ್ಡ ಕಡಲ ಬಸವನಹುಳದ ಚಿಪ್ಪು ಕೊಟ್ಟಳು. ಅದರ ಬೆನ್ನಿಗೆ ತುದಿ ತೂತಾದ ಬಿಳಿ ಗುಳ್ಳೆಗಳು ಅಂಟಿಕೊಂಡಿದ್ದವು. "ರಾಣೆಬೆನ್ನೂರಾಗ ಅಂಗಡ್ಯಾಗ ಕಂಡ್ತು. ನಿನ್ನ ನೆನಪಾತು" ಅಂದಳು. ಕರ್ಜಗಿಯಿಂದ ಹಾವೇರಿ ಮೇಲೆ ನಮ್ಮೂರು ಬ್ಯಾಡಗಿಗೆ ಬರುವವಳು ಊರು ದಾಟಿ ಆಚೆಗಿರುವ ರಾಣೆಬೆನ್ನೂರಿಗೆ ಯಾಕೆ ಹೋದಳು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಖುಷಿಯಿಂದ ಟಿವಿ ಪಕ್ಕ ಇಟ್ಟೆ.

ಕೆಲವು ದಿನ ಕಳೆದಾಗ ಅತ್ತೆ ಮಲಗಿದಲ್ಲಿಂದಲೇ, "ಎಲ್ಲೋ ಇಲಿ ಸತ್ತೈತಿ ನೋಡವಾ" ಅಂದರು. ಮನೆಯೆಲ್ಲ ಜಾಲಾಡಿದೆ. ಕೊನೆಗೆ ನೋಡಿದರೆ ಇರುವೆಗಳು ಸಾಲುಹಿಡಿದು ಚಿಪ್ಪಿಗೆ ಹೊರಟಿದ್ದವು. ಪಿನ್ನಿನಿಂದ ಒಂದು ಗುಳ್ಳೆ ಕೆದಕಿದೆ, ಕೊಳೆತ ಮಾಂಸ ಬಂತು. ಫೋನಿನಲ್ಲಿ ಹುಡುಕಿದಾಗ ಗೊತ್ತಾಯಿತು: ಅವು ಬಾರ್ನಕಲ್ ಎಂಬ ಕಡಲಜೀವಿಗಳು, ನೀರಿನಿಂದ ತೆಗೆದರೆ ಸತ್ತು ನಾರುತ್ತವೆ. ತೊಳೆದು ಒಣಗಿಸಿ ಮಾರುವ ಅಂಗಡಿ ಚಿಪ್ಪಿನಲ್ಲಿ ಹಸಿ ಮಾಂಸ ಎಲ್ಲಿಂದ ಬರಬೇಕು? ಅದನ್ನು ಅವಳೇ ಕಡಲ ದಂಡೆಯಲ್ಲಿ ಆರಿಸಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. ಮೆಣಸಿನಕಾಯಿ ಘಾಟಿನ ಊರಿನವಳಿಗೆ ಬೇರೆ ವಾಸನೆ ಹತ್ತುವುದಿಲ್ಲ ಅಂದುಕೊಂಡಳೇನೋ. ಚಿಪ್ಪನ್ನು ಹಿತ್ತಲಿಗೆ ಬಿಸಾಕಿದೆ. ಸಿಟ್ಟು ಬಂದದ್ದು ಅವಳು ಹೋದದ್ದಕ್ಕಲ್ಲ, ನನ್ನ ಕೈಯಿಂದ ರೊಟ್ಟಿ ಬಡಿಸಿಕೊಂಡು ಹೋದದ್ದಕ್ಕೆ.

ಅತ್ತೆ ಕೋಲು ಹಿಡಿದು ಓಡಾಡತೊಡಗಿದ ಮೇಲೆ ಗೆಳತಿಯೇ ಬಂದಳು. "ಇನ್ನ ಹೋಗೂಣೇನು? ಇಬ್ಬರೂ ಮೊದಲನೇ ಸಲ ನೋಡೂಣು" ಅಂದಳು. ನಾನು ಹಿತ್ತಲಲ್ಲಿ ಬಿಸಾಕಿದ್ದ ಚಿಪ್ಪನ್ನು ತಂದು ಅವಳ ಕೈಗಿಟ್ಟೆ. "ಮೂಸಿ ನೋಡು. ರಾಣೆಬೆನ್ನೂರಿನ ಸಮುದ್ರ" ಅಂದೆ.

ಅವಳು ಚಿಪ್ಪನ್ನು ಮೂಸಿ ಕೆಳಗಿಟ್ಟಳು. ಆಮೇಲೆ, "ನಮ್ಮಕ್ಕ ಜುಲುಮಿ ಮಾಡಿ ಕರಕೊಂಡು ಹೋದ್ಲು. ಹೇಳಿದ್ರ ನಿನಗ ಕೆಟ್ಟ ಅನಸ್ತದ ಅಂತ ಹೇಳ್ಲಿಲ್ಲ" ಅಂದಳು.

ಬೈಯಬೇಕೆಂದು ಮಾತು ಜೋಡಿಸಿಕೊಂಡಿದ್ದೆ. ನನ್ನ ಬಾಯಿಂದ ಬಂದದ್ದು, "ಹೆಂಗಿತ್ತು?"

"ನಿನ್ನ ಬಿಟ್ಟು ನೋಡಿದೆ, ನೋಡಿದಂಗ ಅನಿಸ್ಲಿಲ್ಲ" ಅಂದಳು. ಕಣ್ಣಲ್ಲಿ ನೀರಿತ್ತು. ಅದು ಖರೇ ಇದ್ದರೂ ಇರಬಹುದು. ನಾನು ನಂಬಲಿಲ್ಲ.