ಅಮೆರಿಕದ ಚಳಿಗೆ ಎರಡು ಶಾಲು

ದೊಡ್ಡಬಳ್ಳಾಪುರದ ನೇಕಾರ ಚೌಡಪ್ಪನ ಕಾಲು ಮಗ್ಗದ ಗುಂಡಿಯಲ್ಲಿದ್ದರೆ ಮನಸ್ಸು ಅಮೆರಿಕದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಿಳಿ ಸಿಪಾಯಿಯೊಬ್ಬ ರೈಲಿನಲ್ಲಿ ಬಿಟ್ಟುಹೋದ ಪತ್ರಿಕೆಯನ್ನು ಮೇಷ್ಟ್ರಿಂದ ಓದಿಸಿದ್ದ. ಚಂದ್ರಲೋಕದ ಕಥೆ ಬರೆಯುವವರೆಲ್ಲ ಅಲ್ಲಿ ವರ್ಷಕ್ಕೊಮ್ಮೆ ಸಮ್ಮೇಳನ ಸೇರುತ್ತಾರಂತೆ. “ಮಕ್ಕಳಿಬ್ರನ್ನೂ ಕರ್ಕೊಂಡೇ ಹೋಗ್ತೀನಿ ಕಣಪ್ಪಾ,” ಎಂದು ನೂಲು ತಂದವನಿಗೂ ಹೇಳುತ್ತಾನೆ. ಹಡಗಿನಲ್ಲಿ ಹುರಿಹಿಟ್ಟು ಕೆಡುತ್ತದೆಯೇ ಎಂದು ಸೀರೆ ಕೊಳ್ಳಲು ಬಂದವರನ್ನೂ ಕೇಳುತ್ತಾನೆ. ಅಲ್ಲಿಯ ಚಳಿಗೆಂದು ಪ್ರತಿ ದೀಪಾವಳಿಗೆ, ಸೀರೆ ನೇಯ್ದು ಉಳಿದ ನೂಲಿನಿಂದ ಎರಡು ಪುಟ್ಟ ಶಾಲು ನೇಯುತ್ತಾನೆ. ಹೆಂಡತಿ ಮುನಿರತ್ನಮ್ಮ ಅವನ್ನು ಮಡಿಸಿ ಪೆಟ್ಟಿಗೆಯಲ್ಲಿಡುತ್ತಾಳೆ. ಪ್ಲೇಗಿನಲ್ಲಿ ಮಕ್ಕಳಿಬ್ಬರೂ ಕಣ್ಣುಮುಚ್ಚಿದ ವರ್ಷದಿಂದ ಆ ಶಾಲುಗಳ ಅಳತೆ ಒಂದು ಬೆರಳೂ ಹೆಚ್ಚಿಲ್ಲ. ಈ ಸಲ ಮಾತ್ರ ಅವಳು ಮಗ್ಗದ ಪಕ್ಕ ಕೂತು ಮೆಲ್ಲಗೆ ಹೇಳಿದಳು: “ಒಂದ್ ಗೇಣು ಉದ್ದ ನೇಯ್ರಿ. ಮಕ್ಳು ಇಷ್ಟೊತ್ಗೆ ಬೆಳ್ದಿರ್ತವೆ.”